ಬಿಸಿಲಲ್ಲಿ ಸಿಕ್ಕ ಆಮೆಯನ್ನು ಕೆರೆಗೆ ಬಿಡಬಹುದಾ?

ಪ್ರಶ್ನೆ: ಮಾರ್ಚ್ ತಿಂಗಳಲ್ಲಿ ನಮ್ಮ ಕಾಫಿ ತೋಟದಲ್ಲಿ ಆಮೆ ಕಾಣಿಸುತ್ತದೆ. ಆ ಬಿಸಿಲಿಗೆ ಅದರ ಮೈ ಕಾದುಹೋಗಲ್ವಾ? ಹಿಡಿದು ಕೆರೆಗೆ ಬಿಡೋಣ ಅಂತ ಮನೆಯವರು ಹೇಳುತ್ತಾರೆ. ಸರೀನಾ?

ಉತ್ತರ: ಬೇಡ. ಮೊದಲು ಅದರ ಕಾಲು ನೋಡಿ. ಬೆರಳುಗಳ ನಡುವೆ ಬಾತುಕೋಳಿಯ ಹಾಗೆ ಚರ್ಮ ಇದ್ದರೆ ಅದು ನೀರಾಮೆ. ಕೆರೆಯ ದಾರಿ ಅದಕ್ಕೇ ಗೊತ್ತು. ಆನೆಕಾಲಿನ ಹಾಗೆ ದಪ್ಪಗೆ, ಮೊಂಡಾಗಿದ್ದರೆ ನೆಲದ ಆಮೆ. ಕೊಡಗಿನ ಕಾಡು, ತೋಟಗಳಲ್ಲಿ ಸಿಗುವ ನೆಲದ ಆಮೆ ಅಂದರೆ ತಿರುವಾಂಕೂರು ಆಮೆ. ಹಳದಿ ಬೆರೆತ ಕಂದು ಚಿಪ್ಪು, ಮೇಲೆ ಕಪ್ಪು ಮಚ್ಚೆ. ಪಶ್ಚಿಮ ಘಟ್ಟ ಬಿಟ್ಟರೆ ಬೇರೆಲ್ಲೂ ಇದು ಕಾಡಿನಲ್ಲಿ ಇಲ್ಲ. ಇದರ ಮೈಕಟ್ಟು ಈಜಲಿಕ್ಕಲ್ಲ. ದಡ ಕಡಿದಾಗಿರುವ ತೋಟದ ಕೆರೆಗೆ ಹಾಕಿದರೆ ಹತ್ತಿ ಬರಲಾಗದೆ ಮುಳುಗಿಬಿಡಬಹುದು.

ಇನ್ನು ಬಿಸಿಲಿನ ವಿಷಯ. ನಮ್ಮ ಮೈಯನ್ನು 37 ಡಿಗ್ರಿಯ ಆಸುಪಾಸಿನಲ್ಲಿ ಇಡುವ ಒಲೆ ನಮ್ಮೊಳಗೇ ಇದೆ, ತಿಂದ ಅನ್ನವೇ ಸೌದೆ. ಆಮೆಗೆ ಹಾಗಲ್ಲ. ಬಿಸಿ ಹೊರಗಿನಿಂದಲೇ ಬರಬೇಕು. ಬೆಳಿಗ್ಗೆ ಮಂಜು ಕರಗಿದ ಮೇಲೆ ಸಿಲ್ವರ್ ಓಕ್ ಮರಗಳ ನಡುವೆ ಬೀಳುವ ಒಂದು ತುಂಡು ಬಿಸಿಲಿಗೆ ಅದು ಬಂದು ಕೂರುತ್ತದೆ. ಕತ್ತು ಚಾಚಿ, ಕಾಲು ಹರವಿಕೊಂಡು. ನೋಡಿದವರಿಗೆ ಸುಸ್ತಾಗಿ ಬಿದ್ದಿದೆ ಅನಿಸುತ್ತದೆ. ಅಲ್ಲ, ಮೈ ಕಾಯಿಸಿಕೊಳ್ಳುತ್ತಿದೆ. ಮೈ ಬೆಚ್ಚಗಾಗದೆ ತಿಂದದ್ದೂ ಸರಿಯಾಗಿ ಅರಗಲ್ಲ.

ಚಿಪ್ಪು ಸುಮ್ನೆ ಹೊದ್ದುಕೊಂಡ ಮುಚ್ಚಳ ಅಂದುಕೊಳ್ಳಬೇಡಿ. ಪಕ್ಕೆಲುಬು, ಬೆನ್ನೆಲುಬು ಅದರ ಜೊತೆಗೇ ಬೆಸೆದುಕೊಂಡಿವೆ. ಬಿಸಿಲಿನ ಶಾಖ ಅದರ ಮೂಲಕ ರಕ್ತಕ್ಕೆ ಇಳಿಯುತ್ತದೆ. ಮೈ ಬಿಸಿಯಾಗುವಾಗ ಎದೆಬಡಿತ ಜೋರಾಗಿ ರಕ್ತ ಶಾಖವನ್ನು ಬೇಗ ಒಳಗೆ ಒಯ್ಯುತ್ತದೆ, ಆರುವಾಗ ಬಡಿತ ನಿಧಾನವಾಗಿ ಶಾಖ ಬೇಗ ಹೊರಗೆ ಹೋಗಲ್ಲ. ಗಾತ್ರವೂ ಲೆಕ್ಕಕ್ಕೆ ಬರುತ್ತದೆ. ಲೋಟದ ಕಾಫಿ ಮಾತಾಡುವಷ್ಟರಲ್ಲಿ ತಣ್ಣಗಾಗುತ್ತದೆ, ಬಚ್ಚಲ ಹಂಡೆಯ ನೀರು ಆರೋದಕ್ಕೆ ಹೊತ್ತು ಬೇಕು. ದೊಡ್ಡ ಆಮೆ ಹಂಡೆಯಂತೆ, ಮರಿ ಲೋಟದಂತೆ. ಹಾಗಾಗಿ ಬಿಸಿಲಲ್ಲಿ ಅಪಾಯ ಜಾಸ್ತಿ ಮರಿಗಳಿಗೇ.

ಬಿಸಿಲೇರಿದರೆ ಆಮೆ ಬೆವರುವುದಿಲ್ಲ, ಜಾಗ ಬದಲಿಸುತ್ತದೆ. ತರಗೆಲೆಯೊಳಗೆ, ಬಿದ್ದ ಮರದ ಅಡಿಗೆ, ಬಂಡೆಯ ಸಂದಿಗೆ ನುಗ್ಗುತ್ತದೆ. ತೋಟದಲ್ಲಿ ಗುಡಿಸದೆ ಬಿಟ್ಟ ಎಲೆರಾಶಿಯ ಮೇಲೆ ಒಣಗಿ ಗರಿಗರಿ ಅನ್ನುತ್ತಿದ್ದರೂ, ಒಂದು ಗೇಣು ಕೆಳಗೆ ಕೈ ಹಾಕಿ ನೋಡಿ, ತಂಪಾಗಿ ಹಸಿಯಾಗಿರುತ್ತದೆ. (ಕೈ ಹಾಕುವ ಮೊದಲು ಕೋಲಿನಿಂದ ಕೆದಕಿ, ಹಾವಿಗೂ ಅದೇ ಜಾಗ ಇಷ್ಟ.) ಓಡಲು ಎಲ್ಲೂ ಜಾಗವಿಲ್ಲದೆ ಮೈ ತೀರಾ ಕಾದಾಗ ಕೆಲವು ನೆಲದಾಮೆಗಳು ಜೊಲ್ಲು ಸುರಿಸಿ ಕತ್ತು, ಮುಂಗಾಲು ಒದ್ದೆ ಮಾಡಿಕೊಳ್ಳುತ್ತವೆ. ಅದು ಕೊನೆಯ ಉಪಾಯ. ಬಾಯಲ್ಲಿ ನೊರೆ ಕಂಡರೆ ಮಾತ್ರ ಹತ್ತಿರದ ನೆರಳಿಗೆ ಸರಿಸಿ.

ಉಳಿದಂತೆ ಎತ್ತಲೇಬೇಡಿ. ನಾನೊಮ್ಮೆ ಫೋಟೋ ಆಸೆಗೆ ಎತ್ತಿದೆ, ಪ್ಯಾಂಟೆಲ್ಲ ಒದ್ದೆ ಮಾಡಿತು. ಆಗ ನಗು ಬಂತು. ಆದರೆ ಬೇಸಿಗೆಗೆಂದು ಅದು ಮೂತ್ರಕೋಶದಲ್ಲಿ ಕೂಡಿಟ್ಟ ನೀರನ್ನು ನಾನು ಖಾಲಿ ಮಾಡಿಸಿದ್ದೆ. ಮನೆಗೆ ತಂದು ಸಾಕುವ ಯೋಚನೆಯೂ ಬೇಡ, 1972ರ ವನ್ಯಜೀವಿ ಕಾಯ್ದೆ ಪ್ರಕಾರ ಅಪರಾಧ. ರಸ್ತೆ ಮಧ್ಯೆ ಸಿಕ್ಕರೆ, ಮುಖ ಯಾವ ಕಡೆಗಿದೆಯೋ ಆ ಕಡೆಯ ಅಂಚಿಗೆ ದಾಟಿಸಿ, ನೆಲಕ್ಕೆ ಹತ್ತಿರದಲ್ಲೇ ಹಿಡಿದು.