ದುವೆಲ್: ಒಂದೇ ಹಳ್ಳಿ, ಎರಡು ಹೆಸರು

ಎರಡನೇ ಮಹಾಯುದ್ಧದ ನಂತರದ ಫ್ರಾನ್ಸಿನ ಆರ್ಥಿಕ ಇತಿಹಾಸವನ್ನು ಪರೀಕ್ಷೆಗೆಂದು ಓದುವಾಗ ಮದೆರ್, ಸೆಸಾಕ್ ಎಂಬ ಎರಡು ಹಳ್ಳಿಗಳು ಎದುರಾಗುತ್ತವೆ. ಅರ್ಥಶಾಸ್ತ್ರಜ್ಞ ಝಾನ್ ಫುರಾಸ್ತಿಯೆ 1979ರಲ್ಲಿ ಬರೆದ ‘ಲೆ ತ್ರಾಂತ್ ಗ್ಲೊರಿಯೂಸ್’, ಅಂದರೆ ‘ವೈಭವದ ಮೂವತ್ತು ವರ್ಷಗಳು’, ಶುರುವಾಗುವುದೇ ಇವುಗಳ ಹೋಲಿಕೆಯಿಂದ. ಒಂದು ಬಡ ಊರು, ಇನ್ನೊಂದು ಅನುಕೂಲಸ್ಥರ ಊರು. ಆಮೇಲೆ ಗುಟ್ಟು ಬಿಡುತ್ತಾರೆ: ಎರಡೂ ಒಂದೇ ಊರು! ನೈಋತ್ಯ ಫ್ರಾನ್ಸಿನ ಕಾಓರ್ ಪಟ್ಟಣದ ಹತ್ತಿರ, ಲೊಟ್ ನದಿಯ ದಂಡೆಯಲ್ಲಿರುವ ದುವೆಲ್. ಮದೆರ್ ಅಂದರೆ 1946ರ ದುವೆಲ್, ಸೆಸಾಕ್ ಅಂದರೆ 1975ರ ದುವೆಲ್. ಲೇಖಕರಿಗೆ ಇದು ಹೊರಗಿನ ಊರಲ್ಲ. 1990ರಲ್ಲಿ ಅವರು ತೀರಿಕೊಂಡದ್ದೂ ಅಲ್ಲೇ.

ಇಲ್ಲಿ ನಾವು ಎಡವುವುದು ಜನಸಂಖ್ಯೆಯಲ್ಲಿ. 534 ಇದ್ದದ್ದು 670 ಆಗಿದೆ. ಹಾಗಾದರೆ ಹಳ್ಳಿ ಬರಿದಾಗಲಿಲ್ಲ, ಬೇಸಾಯವೂ ಉಳಿಯಿತು ಎಂದು ಬರೆದುಬಿಡುತ್ತೇವೆ. ಆದರೆ ದುಡಿಯುವವರ ಲೆಕ್ಕ ನೋಡಿ. 1946ರಲ್ಲಿ ದುಡಿಯುವ 279 ಮಂದಿಯಲ್ಲಿ 208 ಜನ ಬೇಸಾಯಗಾರರು, ಅಂದರೆ ನಾಲ್ವರಲ್ಲಿ ಮೂವರು. 1975ರಲ್ಲಿ 215ರಲ್ಲಿ 53, ನಾಲ್ವರಲ್ಲಿ ಒಬ್ಬರು. ಊರು ಬೆಳೆಯಿತು, ಆದರೆ ರೈತರ ಊರಾಗಿ ಉಳಿಯಲಿಲ್ಲ. ನನ್ನ ಮಟ್ಟಿಗೆ ಇಡೀ ಅಧ್ಯಾಯದ ತಿರುಳು ಈ ನಾಲ್ಕು ಅಂಕಿಗಳಲ್ಲೇ ಇದೆ.

ಅಷ್ಟು ಕಡಿಮೆ ಕೈಗಳಿಂದ ಹೊಲ ನಡೆದದ್ದು ಹೇಗೆ? ಮದೆರ್‌ನಲ್ಲಿ ಇದ್ದದ್ದು ಎರಡೇ ಟ್ರ್ಯಾಕ್ಟರ್, ಉಳುಮೆ ಹೆಚ್ಚುಕಡಿಮೆ ಎಲ್ಲ ದನ ಹೂಡಿಯೇ. ಸೆಸಾಕ್‌ನಲ್ಲಿ ಟ್ರ್ಯಾಕ್ಟರ್ 40. ಗೊಬ್ಬರ, ಒಳ್ಳೆಯ ತಳಿ ಸೇರಿ ಹೆಕ್ಟೇರಿನ ಇಳುವರಿ ಸುಮಾರು ಮೂರು ಪಟ್ಟಾಯಿತು, ಹೊಲದಲ್ಲಿ ದುಡಿಯುವವರು ಕಾಲು ಭಾಗಕ್ಕೆ ಇಳಿದರು. ಮೂರನ್ನು ನಾಲ್ಕರಿಂದ ಗುಣಿಸಿದರೆ ತಲಾ ಉತ್ಪಾದನೆ ಹನ್ನೆರಡು ಪಟ್ಟು. ‘ಉತ್ಪಾದಕತೆ’ ಎಂಬ ಪದವನ್ನು ಉರುಹೊಡೆಯುವ ಬದಲು ಈ ಗುಣಾಕಾರ ನೆನಪಿಟ್ಟುಕೊಳ್ಳಿ.

ಅದು ಅಡುಗೆಮನೆಗೆ ಇಳಿದ ಬಗೆ ಇನ್ನೂ ಸ್ಪಷ್ಟ. ಒಂದು ಕಿಲೋ ಬೆಣ್ಣೆ ಕೊಳ್ಳಲು ಮದೆರ್‌ನ ಕೂಲಿಗಾರ ಏಳು ಗಂಟೆ ದುಡಿಯಬೇಕಿತ್ತು. ಬೆಳಗಿನಿಂದ ಹೊತ್ತು ಇಳಿಯುವವರೆಗೆ ದುಡಿದರೆ ಒಂದು ಕಿಲೋ ಬೆಣ್ಣೆ! ಸೆಸಾಕ್‌ನಲ್ಲಿ ಅದಕ್ಕೆ ಒಂದೂವರೆ ಗಂಟೆಯೂ ಬೇಡ. ಇಡೀ ಊರಿಗೆ ಐದು ಇದ್ದ ಫ್ರಿಜ್ 210 ಆದವು.

ಇವು ಎರಡು ಫೋಟೊಗಳಿದ್ದ ಹಾಗೆ, ನಡುವಿನ ಮೂವತ್ತು ವರ್ಷ ಕಾಣುವುದಿಲ್ಲ. ಕಾಓರ್ ಸೀಮೆಯ ದ್ರಾಕ್ಷಿ ತೋಟಗಳು 1956ರ ಫೆಬ್ರವರಿಯ ಹಿಮಕ್ಕೆ ಸುಟ್ಟುಹೋದವು. ರೈತರು ಮತ್ತೆ ಬಳ್ಳಿ ನೆಟ್ಟರು, 1971ರಲ್ಲಿ ಕಾಓರ್ ವೈನಿಗೆ ಮೂಲಸ್ಥಾನದ ಅಧಿಕೃತ ಮಾನ್ಯತೆ ಸಿಕ್ಕಿತು. ನೆಲದಲ್ಲೇ ಉಳಿದವರು ಪಟ್ಟ ಈ ಪಾಡು ಟ್ರ್ಯಾಕ್ಟರ್ ಎಣಿಸಿದರೆ ಸಿಗುವಂಥದ್ದಲ್ಲ.

ಉತ್ತರ ಬರೆಯುವಾಗ ಆರಂಭದ ವರ್ಷವನ್ನೂ ಪ್ರಶ್ನಿಸಿ. 1946 ಎಂದರೆ ಯುದ್ಧ ಮುಗಿದ ಮರುವರ್ಷ, ಫ್ರಾನ್ಸಿನಲ್ಲಿ ಬ್ರೆಡ್ಡಿಗೂ ಪಡಿತರ ಚೀಟಿ ಇದ್ದ ಕಾಲ. ಮದೆರ್‌ನ ಬಡತನದಲ್ಲಿ ಹಳೆಯ ಬೇಸಾಯದ ಪಾಲೆಷ್ಟು, ಯುದ್ಧದ ಪಾಲೆಷ್ಟು ಎಂದು ಬಿಡಿಸಿ ನೋಡಬೇಕು.