ಏರ್‌ಪೋರ್ಟ್‌ಗೆ ಎಲ್ಲೂ ನಿಲ್ಲದ ರೈಲು ಬಿಟ್ಟರೆ ಏನು ಕಷ್ಟ?

ಓದುಗರ ಪ್ರಶ್ನೆ: ಬೆಂಗಳೂರಿನಲ್ಲಿ ಕಟ್ಟುತ್ತಿರುವ ನೀಲಿ ಮೆಟ್ರೋ ಸಿಲ್ಕ್ ಬೋರ್ಡ್‌ನಿಂದ ಏರ್‌ಪೋರ್ಟ್‌ವರೆಗೆ 30 ನಿಲ್ದಾಣಗಳಲ್ಲಿ ನಿಲ್ಲುತ್ತದಂತೆ. ವಿಮಾನ ಹಿಡಿಯುವವರು ಇಷ್ಟೆಲ್ಲ ಕಡೆ ನಿಂತು ನಿಂತು ಹೋಗಬೇಕಾ? ಅದೇ ಹಳಿ ಮೇಲೆ ಅರ್ಧ ಗಂಟೆಗೊಂದು ಎಕ್ಸ್‌ಪ್ರೆಸ್ ಬಿಟ್ಟರೆ ಏನು ಕಷ್ಟ? ಲಂಡನ್, ಹಾಂಗ್‌ಕಾಂಗ್‌ನಲ್ಲೆಲ್ಲ ಇದೆಯಲ್ಲ?

ಬಿಡಬಹುದು. ಆದರೆ ಆ ಒಂದು ರೈಲಿಗೋಸ್ಕರ ಬೇರೆ ಮೂರು ರೈಲು ರದ್ದು ಮಾಡಬೇಕಾಗುತ್ತದೆ. ಇದನ್ನು ಕೇಳಿದ ಕೂಡಲೇ ಯಾರೂ ನಂಬುವುದಿಲ್ಲ. ಅದಕ್ಕೇ ಸ್ವಲ್ಪ ಲೆಕ್ಕ ಹಾಕೋಣ.

ಶಿರಾಡಿ ಘಾಟಿಯಲ್ಲಿ ಲೋಡ್ ಲಾರಿ ಹಿಂದೆ ಸಿಕ್ಕಿಹಾಕಿಕೊಂಡ ಅನುಭವ ನಿಮಗಿರಬಹುದು. ನಿಮ್ಮ ಕಾರು ಎಷ್ಟೇ ಜೋರಾಗಿದ್ದರೂ ಲಾರಿ ಹೋದಷ್ಟೇ ನಿಮ್ಮ ಸ್ಪೀಡು. ಎರಡು ಹಳಿಯ ಮೆಟ್ರೋ ಅಂದರೆ ಅದೇ ಘಾಟಿ. ಒಂದು ಹಳಿ ಹೋಗಲು, ಇನ್ನೊಂದು ಬರಲು. ಮುಂದಿರುವ ರೈಲನ್ನು ಹಿಂದಕ್ಕೆ ಹಾಕಲು ಜಾಗವೇ ಇಲ್ಲ. ಘಾಟಿಯಲ್ಲಾದರೂ ಯಾವುದೋ ತಿರುವಿನಲ್ಲಿ ಲಾರಿಯವನು ಕೈ ಬೀಸಿ ದಾರಿ ಬಿಡುತ್ತಾನೆ, ಇಲ್ಲಿ ಅದೂ ಇಲ್ಲ.

ಈಗ ಕೆ.ಆರ್. ಪುರದಿಂದ ಟರ್ಮಿನಲ್‌ವರೆಗಿನ ಭಾಗವನ್ನೇ ತೆಗೆದುಕೊಳ್ಳಿ. ಸುಮಾರು 38 ಕಿ.ಮೀ., 17 ನಿಲ್ದಾಣ. ಐದು ನಿಮಿಷಕ್ಕೊಂದು ರೈಲು ಓಡುತ್ತಿದೆ ಅಂದುಕೊಳ್ಳೋಣ. ನಮ್ಮ ಎಕ್ಸ್‌ಪ್ರೆಸ್ ನಡುವೆ ಹೆಬ್ಬಾಳದಲ್ಲಿ ಮಾತ್ರ ನಿಲ್ಲುತ್ತದೆ, ಉಳಿದ 15 ನಿಲ್ದಾಣ ಬಿಟ್ಟು ಓಡುತ್ತದೆ. ಒಂದು ನಿಲ್ದಾಣ ಅಂದರೆ ಬ್ರೇಕ್ ಹಾಕುವುದು, ಬಾಗಿಲು ತೆರೆದು ಮುಚ್ಚುವುದು, ಮತ್ತೆ ವೇಗ ಹಿಡಿಯುವುದು. ಎಲ್ಲ ಸೇರಿ ಹೆಚ್ಚುಕಮ್ಮಿ ಒಂದು ನಿಮಿಷ. ಅಂದರೆ ಎಕ್ಸ್‌ಪ್ರೆಸ್ ಹತ್ತಿದವರಿಗೆ 15 ನಿಮಿಷ ಉಳಿಯುತ್ತದೆ. ಚೆನ್ನಾಗೇ ಇದೆ, ಅಲ್ವಾ?

ಈಗ ಹಳಿ ಕಡೆ ನೋಡಿ. ಎಲ್ಲ ಕಡೆ ನಿಲ್ಲುವ ರೈಲು 8 ಗಂಟೆಗೆ ಕೆ.ಆರ್. ಪುರ ಬಿಟ್ಟಿತು. ಎಕ್ಸ್‌ಪ್ರೆಸ್ 8.05ಕ್ಕೆ ಹೊರಟರೆ ದಾರಿ ಅರ್ಧವಾಗುವ ಮೊದಲೇ ಆ 8 ಗಂಟೆಯ ರೈಲಿನ ಬೆನ್ನಿಗೆ ಬರುತ್ತದೆ. ಅಲ್ಲಿಂದಾಚೆ ಅದೂ ಕುಂಟುತ್ತಾ ಹೋಗಬೇಕು. ಹಾಗಾಗಬಾರದು ಅಂದರೆ ಉಳಿಸುವ 15 ನಿಮಿಷ, ಮೇಲೆ ಐದು ನಿಮಿಷದ ಅಂತರ, ಒಟ್ಟು 8.20ರವರೆಗೆ ಕಾದು ಹೊರಡಬೇಕು. 8.05, 8.10, 8.15ರ ಮೂರು ರೈಲುಗಳು ರದ್ದಾದವು, 8.20ರ ಜಾಗ ಎಕ್ಸ್‌ಪ್ರೆಸ್‌ಗೆ. ಮುಂದಿನ ಸಾಮಾನ್ಯ ರೈಲು ಬರುವುದು 8.25ಕ್ಕೆ.

ಆರು ಬೋಗಿಯ ಒಂದು ಮೆಟ್ರೋದಲ್ಲಿ ಸುಮಾರು 1,500 ಜನ ಹಿಡಿಸುತ್ತಾರೆ. ಮೂರು ರೈಲು ಅಂದರೆ 4,500 ಜನರ ಜಾಗ. ಜಕ್ಕೂರು ಕ್ರಾಸ್‌ನಲ್ಲಿ ನಿಂತವರಿಗೆ ಐದು ನಿಮಿಷಕ್ಕೊಂದು ಬರುತ್ತಿದ್ದ ರೈಲು ಈಗ 25 ನಿಮಿಷ ಕಾಯಿಸುತ್ತದೆ. ಅವರ ಕಣ್ಣೆದುರೇ ಒಂದು ರೈಲು ನಿಲ್ಲದೆ ಸುಯ್ಯೆಂದು ಹೋಗುತ್ತದೆ, ಅರ್ಧ ಖಾಲಿ ಇದ್ದರೂ. ಅರ್ಧ ಗಂಟೆಗೊಂದು ಎಕ್ಸ್‌ಪ್ರೆಸ್ ಅಂದರೆ ಈ ಆಟ ದಿನವಿಡೀ ನಡೆಯುತ್ತಲೇ ಇರುತ್ತದೆ.

ಜಕ್ಕೂರಿನಲ್ಲಿ, ಯಲಹಂಕದಲ್ಲಿ, ದೊಡ್ಡಜಾಲದಲ್ಲಿ ಕಾಯುವವರು ಏರ್‌ಪೋರ್ಟ್‌ಗೆ ಸಂಬಂಧ ಇಲ್ಲದವರು ಅಂದುಕೊಳ್ಳಬೇಡಿ. ವಿಮಾನ ಹತ್ತುವವರು ವರ್ಷಕ್ಕೆ ಎರಡೋ ಮೂರೋ ಸಲ ಹೋಗುತ್ತಾರೆ. ಬ್ಯಾಗು ಎತ್ತಿ ಹಾಕುವವರು, ನೆಲ ಒರೆಸುವವರು, ಗೇಟಿನಲ್ಲಿ ಟಿಕೆಟ್ ನೋಡುವವರು, ಕಾಫಿ ಮಾರುವವರು ದಿನಾ ಹೋಗುತ್ತಾರೆ, ಅದೂ ಪಾಳಿಯಲ್ಲಿ. ಎಕ್ಸ್‌ಪ್ರೆಸ್ ಬೇಕು ಅನ್ನುವ ಚರ್ಚೆಯಲ್ಲಿ ಇವರ ಸುದ್ದಿ ಬರುವುದೇ ಕಡಿಮೆ. ನನಗೆ ಇದು ಸರಿ ಕಾಣುವುದಿಲ್ಲ.

ಇನ್ನು ಆ 15 ನಿಮಿಷದ ಉಳಿತಾಯದ ಮಾತು. ಅರ್ಧ ಗಂಟೆಗೊಂದು ರೈಲು ಇದ್ದರೆ, ನೀವು ಯಾವಾಗಲೋ ಹೋಗಿ ನಿಂತರೆ, ಸರಾಸರಿ 15 ನಿಮಿಷ ಕಾಯುತ್ತೀರಿ. ಉಳಿಸಿದ್ದು ಪ್ಲಾಟ್‌ಫಾರಂ ಮೇಲೇ ಖರ್ಚಾಯಿತು. ಟೈಮ್ ನೋಡಿಕೊಂಡು ಹೊರಟರಾಯಿತು ಅಂತೀರಾ? ಸಿಲ್ಕ್ ಬೋರ್ಡ್ ದಾಟಿ ಬರಬೇಕಾದವರಿಗೆ ಆ ಮಾತು ಹೇಳಿ ನೋಡಿ.

ಲಂಡನ್‌ನಲ್ಲಿ ಇದೆಯಲ್ಲ ಅಂದಿರಿ. ಇದೆ. ಹೀಥ್ರೂ ಎಕ್ಸ್‌ಪ್ರೆಸ್ 1998ರಲ್ಲಿ ಶುರುವಾಯಿತು. ಪ್ಯಾಡಿಂಗ್ಟನ್ ನಿಲ್ದಾಣದಿಂದ 15 ನಿಮಿಷಕ್ಕೊಂದು ರೈಲು, 15 ನಿಮಿಷದ ಪ್ರಯಾಣ. ರೈಲು ಬಲು ಜೋರು. ಆದರೆ ಪ್ಯಾಡಿಂಗ್ಟನ್ ಇರುವುದು ನಗರ ಕೇಂದ್ರದ ಪಶ್ಚಿಮ ಅಂಚಿನಲ್ಲಿ. ಬ್ಯಾಂಕುಗಳ ಆಫೀಸು ಜಾಸ್ತಿ ಇರುವುದು ಪೂರ್ವಕ್ಕೆ. ಸೂಟ್‌ಕೇಸ್ ಎಳೆದುಕೊಂಡು ಪ್ಯಾಡಿಂಗ್ಟನ್ ಮುಟ್ಟುವುದೇ ಒಂದು ಪ್ರಯಾಣ. 2022ರಲ್ಲಿ ಎಲಿಜಬೆತ್ ಲೈನ್ ಬಂತು. ಅದು ಹೀಥ್ರೂನಿಂದ ಹೊರಟು ದಾರಿಯಲ್ಲಿ ನಿಲ್ಲುತ್ತಾ, ಪ್ಯಾಡಿಂಗ್ಟನ್ ದಾಟಿ, ನಗರದ ಹೊಟ್ಟೆಯೊಳಗೆ ಹಾದು ಪೂರ್ವದ ಕಡೆಗೆ ಹೋಗುತ್ತದೆ. ಪ್ಯಾಡಿಂಗ್ಟನ್‌ಗೆ ಮಾತ್ರ ಲೆಕ್ಕ ಹಾಕಿದರೆ ಎಕ್ಸ್‌ಪ್ರೆಸ್‌ಗಿಂತ ನಿಧಾನ. ಪೂರ್ವದ ಲಿವರ್‌ಪೂಲ್ ಸ್ಟ್ರೀಟ್ ನಿಲ್ದಾಣಕ್ಕೆ ಲೆಕ್ಕ ಹಾಕಿದರೆ ಕೂತ ಸೀಟಿನಿಂದ ಏಳಬೇಕಾಗೇ ಇಲ್ಲ, ದರವೂ ಕಡಿಮೆ.

ಲಂಡನ್‌ನ ಇನ್ನೊಂದು ವಿಮಾನ ನಿಲ್ದಾಣ ಗ್ಯಾಟ್‌ವಿಕ್‌ನ ಕತೆ ನಿಮ್ಮ ಪ್ರಶ್ನೆಗೆ ಇನ್ನೂ ಹತ್ತಿರ. ಗ್ಯಾಟ್‌ವಿಕ್ ಎಕ್ಸ್‌ಪ್ರೆಸ್ 1984ರಿಂದ ಓಡುತ್ತಿದೆ. ಲಂಡನ್‌ನ ವಿಕ್ಟೋರಿಯಾ ನಿಲ್ದಾಣದಿಂದ ಅರ್ಧ ಗಂಟೆ, ನಡುವೆ ಎಲ್ಲೂ ನಿಲ್ಲುವುದಿಲ್ಲ, ಮೊದಲೆಲ್ಲ 15 ನಿಮಿಷಕ್ಕೊಂದು ಇತ್ತು. ಅದು ಓಡುವುದು ಬ್ರೈಟನ್ ಮಾರ್ಗದ ಮೇಲೆ. ಇಂಗ್ಲೆಂಡಿನ ದಕ್ಷಿಣದಿಂದ ದಿನಾ ಲಂಡನ್‌ಗೆ ಕೆಲಸಕ್ಕೆ ಬರುವವರ ಮಾರ್ಗ ಅದು. ಬೆಳಗ್ಗೆ ಆ ರೈಲುಗಳಲ್ಲಿ ಕಾಲಿಡಲು ಜಾಗ ಇರುತ್ತಿರಲಿಲ್ಲ, ಪಕ್ಕದಲ್ಲೇ ಎಕ್ಸ್‌ಪ್ರೆಸ್ ಆರಾಮಾಗಿ ಹೋಗುತ್ತಿತ್ತು. ಕೊನೆಗೆ 2008ರಲ್ಲಿ ದಟ್ಟಣೆಯ ಹೊತ್ತಿನ ಕೆಲವು ಎಕ್ಸ್‌ಪ್ರೆಸ್‌ಗಳನ್ನು ಬ್ರೈಟನ್‌ವರೆಗೆ ಎಳೆದರು. ದಿನಾ ಓಡಾಡುವವರೂ ಅದರಲ್ಲೇ ಕೂರಲಿ ಎಂದು. ಕೋವಿಡ್ ಬಂದಾಗ ಇಡೀ ಸೇವೆ ನಿಂತಿತು. ಮತ್ತೆ ಶುರುವಾದಾಗ ಗಂಟೆಗೆ ನಾಲ್ಕರ ಬದಲು ಎರಡೇ ರೈಲು, ಅವೂ ಬ್ರೈಟನ್‌ಗೆ ಹೋಗುವಂಥವು. ಹೆಸರು ಎಕ್ಸ್‌ಪ್ರೆಸ್ ಅಂತಲೇ ಉಳಿದಿದೆ. ಬಣ್ಣವೂ ಕೆಂಪೇ.

ಆದರೆ ಬೆಂಗಳೂರಿನವರು ನೋಡಬೇಕಾದ್ದು ಲಂಡನ್ ಅಲ್ಲ, ಬ್ಯಾಂಕಾಕ್. ಅಲ್ಲಿ 2010ರಲ್ಲಿ ಏರ್‌ಪೋರ್ಟ್ ರೈಲು ಶುರುವಾಯಿತು. ಸುವರ್ಣಭೂಮಿ ವಿಮಾನ ನಿಲ್ದಾಣದಿಂದ ಫಯಾ ಥಾಯ್‌ವರೆಗೆ ಸುಮಾರು 28 ಕಿ.ಮೀ., ಎಂಟು ನಿಲ್ದಾಣ. ಅದೇ ಮಾರ್ಗದಲ್ಲಿ ಎರಡು ಸೇವೆ ಇಟ್ಟರು. ಎಲ್ಲ ಕಡೆ ನಿಲ್ಲುವ ಸಿಟಿ ಲೈನ್ ಒಂದು. ಮಕ್ಕಸನ್ ಎಂಬ ದೊಡ್ಡ ನಿಲ್ದಾಣದಿಂದ 15 ನಿಮಿಷದಲ್ಲಿ ಸೀದಾ ಏರ್‌ಪೋರ್ಟ್ ಮುಟ್ಟುವ ಎಕ್ಸ್‌ಪ್ರೆಸ್ ಇನ್ನೊಂದು. ಮಕ್ಕಸನ್‌ನಲ್ಲೇ ಬ್ಯಾಗು ಕೊಟ್ಟು ಚೆಕ್‌ಇನ್ ಮಾಡುವ ವ್ಯವಸ್ಥೆಯೂ ಇತ್ತು. ಸಿಟಿ ಲೈನಿಗೆ ಹೆಚ್ಚೆಂದರೆ 45 ಬಾತ್, ಎಕ್ಸ್‌ಪ್ರೆಸ್‌ಗೆ 150 ಬಾತ್ ದರ ಇಟ್ಟರು.

ರೈಲುಗಳು ಒಟ್ಟು ಒಂಬತ್ತು. ಐದು ಸಿಟಿ ಲೈನಿಗೆ, ನಾಲ್ಕು ಎಕ್ಸ್‌ಪ್ರೆಸ್‌ಗೆ. ಇಲ್ಲೇ ಎಡವಟ್ಟಾಯಿತು. ಸಿಟಿ ಲೈನಿಗೆ ಜನ ಮುಗಿಬಿದ್ದರು, ಏರ್‌ಪೋರ್ಟ್‌ಗೆ ಹೋಗುವವರ ಜೊತೆ ಆ ದಾರಿಯ ಬಡಾವಣೆಗಳಿಂದ ಆಫೀಸಿಗೆ ಹೋಗುವವರೂ ಸೇರಿ. ಎಕ್ಸ್‌ಪ್ರೆಸ್ ಖಾಲಿ ಓಡಿತು. ಕಾರಣ ಬಹಳ ಸಿಂಪಲ್. ಮಕ್ಕಸನ್‌ಗೆ ಹೋಗುವುದೇ ಕಷ್ಟ. ಹತ್ತಿರದಲ್ಲೇ ಸುರಂಗ ಮೆಟ್ರೋದ ನಿಲ್ದಾಣ ಇತ್ತು, ಆದರೆ ಮೊದಲ ಕೆಲವು ವರ್ಷ ಎರಡರ ನಡುವೆ ಸರಿಯಾದ ಕಾಲುಸೇತುವೆ ಇರಲಿಲ್ಲ. ರಸ್ತೆ, ರೈಲು ಹಳಿ ದಾಟಿ ಸೂಟ್‌ಕೇಸ್ ಎಳೆಯಬೇಕು. ಸಿಟಿ ಲೈನಾದರೆ ಫಯಾ ಥಾಯ್‌ನಲ್ಲಿ ನೇರ ಮೇಲ್ಸೇತುವೆ ರೈಲಿಗೆ ಸೇರಿಸುತ್ತಿತ್ತು. ಅರ್ಧ ಗಂಟೆ ಹಿಡಿದರೂ ಜನ ಅದನ್ನೇ ಹತ್ತಿದರು. 2014ರಲ್ಲಿ ಎಕ್ಸ್‌ಪ್ರೆಸ್ ನಿಂತುಹೋಯಿತು. ಆಮೇಲೆ ಅದರ ರೈಲುಗಳನ್ನೇ ಮಾರ್ಪಾಡು ಮಾಡಿ ಸಿಟಿ ಲೈನಿಗೆ ಬಳಸಿಕೊಂಡರು. ಲಗೇಜ್ ಇಡಲು ಮಾಡಿದ ಜಾಗದಲ್ಲಿ ಈಗ ಜನ.

ಹಾಗಾದರೆ ಎಲ್ಲೂ ನಡೆಯುವುದೇ ಇಲ್ಲವಾ? ನಡೆಯುತ್ತದೆ. ಕ್ವಾಲಾಲಂಪುರದಲ್ಲಿ ಒಂದೇ ಜೋಡಿ ಹಳಿ ಮೇಲೆ ಎರಡೂ ಓಡುತ್ತವೆ. 57 ಕಿ.ಮೀ. ದಾರಿಯನ್ನು ಎಕ್ಸ್‌ಪ್ರೆಸ್ 28 ನಿಮಿಷದಲ್ಲಿ ಮುಗಿಸುತ್ತದೆ, ಇನ್ನೊಂದು ಸುಮಾರು 35 ನಿಮಿಷದಲ್ಲಿ. ವ್ಯತ್ಯಾಸ ಏಳೇ ನಿಮಿಷ, ಯಾಕೆಂದರೆ ನಡುವೆ ಇರುವುದೇ ಮೂರು ನಿಲ್ದಾಣ. ಎರಡರ ವೇಗ ಹತ್ತಿರ ಹತ್ತಿರ ಇದ್ದರೆ ಒಂದರ ಹಿಂದೊಂದು ಬಿಡಬಹುದು, ಮೇಲಿನ ನಮ್ಮ 8.20ರ ಗೋಳು ಬರುವುದಿಲ್ಲ. ಹಾಂಗ್‌ಕಾಂಗ್‌ನಲ್ಲಿ 1998ರಲ್ಲಿ ಏರ್‌ಪೋರ್ಟ್ ಎಕ್ಸ್‌ಪ್ರೆಸ್ ಮತ್ತು ತುಂಗ್ ಚುಂಗ್ ಲೈನ್ ಎರಡನ್ನೂ ಒಟ್ಟಿಗೇ ಯೋಚಿಸಿ ಕಟ್ಟಿದರು. ಬಹುದೂರ ಒಂದೇ ಹಳಿ, ನಗರದೊಳಗಿನ ನಿಲ್ದಾಣಗಳ ಬಳಿ ನಿಧಾನದ ರೈಲಿಗೆ ಬೇರೆ ಹಳಿ. ಅಂದಹಾಗೆ ಅದೂ ಪೂರ್ತಿ ನಾನ್‌ಸ್ಟಾಪ್ ಅಲ್ಲ. ಕೌಲೂನ್, ಚಿಂಗ್ ಯೀ ಎರಡೂ ಕಡೆ ನಿಲ್ಲುತ್ತದೆ.

ದೆಹಲಿಯವರು ಬೇರೆ ದಾರಿ ಹಿಡಿದರು. 2011ರಲ್ಲಿ ತೆರೆದ ಅವರ ಏರ್‌ಪೋರ್ಟ್ ಎಕ್ಸ್‌ಪ್ರೆಸ್‌ಗೆ ಹಳಿಯೇ ಪ್ರತ್ಯೇಕ, ಆಗ ಇದ್ದದ್ದು ಆರೇ ನಿಲ್ದಾಣ. ಎಲ್ಲ ರೈಲೂ ಎಲ್ಲ ಕಡೆ ನಿಲ್ಲುತ್ತದೆ, ಹಾಗಾಗಿ ಯಾರನ್ನೂ ಹಿಂದಕ್ಕೆ ಹಾಕುವ ಪ್ರಶ್ನೆಯೇ ಇಲ್ಲ. 2023ರಿಂದ ಗಂಟೆಗೆ 120 ಕಿ.ಮೀ. ವೇಗ. ಆದರೆ ಶುರುವಿನಲ್ಲಿ ಅದೂ ಖಾಲಿ ಓಡಿದ್ದೇ. ದರ ಇಳಿಸಿದ ಮೇಲೆ ಜನ ಬಂದರು. ಕೆನಡಾದ ಟೊರಾಂಟೊದಲ್ಲೂ ಇದೇ ಆಯಿತು. 2015ರಲ್ಲಿ ಏರ್‌ಪೋರ್ಟ್ ರೈಲಿಗೆ 27.50 ಡಾಲರ್ ದರ ಇಟ್ಟರು, ಸೀಟುಗಳು ಖಾಲಿ. ಮರುವರ್ಷವೇ 12 ಡಾಲರ್‌ಗೆ ಇಳಿಸಿದರು, ರೈಲು ತುಂಬತೊಡಗಿತು.

ಇನ್ನು ನಮ್ಮೂರಿಗೆ ಬರೋಣ. ನೀಲಿ ಮಾರ್ಗ ಹಾಂಗ್‌ಕಾಂಗ್ ಥರ ಎರಡು ಬಗೆಯ ರೈಲಿಗೆಂದು ಕಟ್ಟಿದ್ದಲ್ಲ. ಅದು ಹೊರವರ್ತುಲ ರಸ್ತೆಯ ಆಫೀಸು ಜನರಿಗೂ ಏರ್‌ಪೋರ್ಟ್ ಜನರಿಗೂ ಒಂದೇ ರೈಲು. ಅದರ ಮೇಲೆ ಎಕ್ಸ್‌ಪ್ರೆಸ್ ಹೇರುವುದು ನನಗೇನೋ ದಂಡ ಅನ್ನಿಸುತ್ತದೆ. ಅದರ ಬದಲು ಐದು ನಿಮಿಷದ ರೈಲನ್ನು ನಾಲ್ಕು ನಿಮಿಷಕ್ಕೆ ತನ್ನಿ ಅಂತ ಕೇಳುವುದು ಮೇಲು. ಬೆಳಗಿನ ಜಾವದ ವಿಮಾನಗಳಿಗೆ ತಕ್ಕ ಹಾಗೆ ಮೊದಲ ರೈಲು ಹೊರಡಲಿ ಅಂತಲೂ ಕೇಳಿ. ನಾಲ್ಕು ಗಂಟೆಗೆ ಚೆಕ್‌ಇನ್ ಇರುವವರಿಗೆ ಐದು ಗಂಟೆಗೆ ಶುರುವಾಗುವ ಮೆಟ್ರೋ ಎಷ್ಟು ಜೋರಾಗಿ ಓಡಿದರೇನು?

ಮೆಜೆಸ್ಟಿಕ್ ಕಡೆಯವರಿಗೆ ನೀಲಿ ಮಾರ್ಗ ನೇರ ಸಿಗುವುದಿಲ್ಲ. ನೇರಳೆ ಮಾರ್ಗದಲ್ಲಿ ಎಂ.ಜಿ. ರಸ್ತೆಗೆ ಬಂದು, ಗುಲಾಬಿ ಮಾರ್ಗಕ್ಕೆ ಬದಲಾಯಿಸಿ, ನಾಗವಾರದಲ್ಲಿ ನೀಲಿ ಹತ್ತಬೇಕು, ಇಲ್ಲವೇ ನೇರಳೆಯಲ್ಲೇ ಕೆ.ಆರ್. ಪುರದವರೆಗೆ ಹೋಗಿ ಬದಲಾಯಿಸಬೇಕು. ನಾಗವಾರದ ದಾರಿಯಲ್ಲಿ ಎರಡು ಸಲ ಬದಲಾವಣೆ. ಕೈಯಲ್ಲಿ 23 ಕಿಲೋದ ಎರಡು ಸೂಟ್‌ಕೇಸ್, ಮೇಲೆ ಮಗಳಿಗೆಂದು ಕಟ್ಟಿದ ಸಾಂಬಾರು ಪುಡಿಯ ಚೀಲ. ಇವರ ಪ್ರಯಾಣ ಸಲೀಸಾಗುವುದೋ ಬಿಡುವುದೋ ನಾಗವಾರದ ಲಿಫ್ಟ್‌ನಲ್ಲಿ, ಎರಡು ಪ್ಲಾಟ್‌ಫಾರಂಗಳ ನಡುವೆ ಎಷ್ಟು ಹೆಜ್ಜೆ ಅನ್ನುವುದರಲ್ಲಿ ತೀರ್ಮಾನವಾಗುತ್ತದೆ. ಮೈಸೂರಿನಿಂದ ನೇರ ಏರ್‌ಪೋರ್ಟ್‌ಗೆ ಬರುವ ಫ್ಲೈಬಸ್ ರೈಲಿಗಿಂತ ಜೋರೇನಲ್ಲ. ಆದರೂ ಜನ ಅದನ್ನು ಹತ್ತುತ್ತಾರೆ. ಒಮ್ಮೆ ಕೂತರೆ ಇಳಿಯುವುದು ಟರ್ಮಿನಲ್ ಹತ್ತಿರವೇ.

ನಿಜವಾಗಿ ಫಾಸ್ಟ್ ರೈಲು ಬೇಕು ಅಂದರೆ ಅದಕ್ಕೆ ಜಾಗ ಉಪನಗರ ರೈಲಿನಲ್ಲಿದೆ. ಮೆಜೆಸ್ಟಿಕ್‌ನಿಂದ ಯಲಹಂಕ ದಾಟಿ ದೇವನಹಳ್ಳಿ ಮುಟ್ಟುವ, ಸುಮಾರು 41 ಕಿ.ಮೀ.ನ ಸಂಪಿಗೆ ಮಾರ್ಗದಲ್ಲಿ. ಹುಬ್ಬಳ್ಳಿಯಿಂದ, ಶಿವಮೊಗ್ಗದಿಂದ ರಾತ್ರಿ ರೈಲಿನಲ್ಲಿ ಬಂದವರು ಮೆಜೆಸ್ಟಿಕ್‌ನಲ್ಲಿ ಇಳಿದು ಪಕ್ಕದ ರೈಲು ಹತ್ತುವ ಹಾಗಿದ್ದರೆ ಅದಕ್ಕಿಂತ ಏನು ಬೇಕು? ಅದನ್ನು ಕಟ್ಟುವಾಗಲೇ ಎರಡು ಮೂರು ನಿಲ್ದಾಣಗಳಲ್ಲಿ ಪಕ್ಕದ ಹಳಿ ಹಾಕಿಬಿಟ್ಟರೆ ಮುಂದೆ ಫಾಸ್ಟ್ ರೈಲು ನಿಧಾನದ ರೈಲನ್ನು ಅಲ್ಲಿ ದಾಟಿ ಹೋಗಬಹುದು. ಕಾಂಕ್ರೀಟ್ ಹಾಕಿದ ಮೇಲೆ ಸೇರಿಸಲು ಹೊರಟರೆ ಆಗುವ ಖರ್ಚೇ ಬೇರೆ.

ಅಷ್ಟರವರೆಗೆ ಅಲ್ಲಿ ಇರುವುದು 2021ರ ಜನವರಿಯಲ್ಲಿ ತೆರೆದ ಏರ್‌ಪೋರ್ಟ್ ಹಾಲ್ಟ್ ಸ್ಟೇಷನ್. ಟಿಕೆಟ್ ಬಲು ಅಗ್ಗ, ದಾರಿಯಲ್ಲಿ ಸಿಗ್ನಲ್ ಜಾಮ್ ಇಲ್ಲ. ಆದರೆ ಯಲಹಂಕದಿಂದಾಚೆ ಒಂಟಿ ಹಳಿ, ದಿನಕ್ಕೆ ಬೆರಳೆಣಿಕೆಯಷ್ಟು ರೈಲು. ಒಂದು ತಪ್ಪಿದರೆ ಮುಂದಿನದಕ್ಕೆ ಗಂಟೆಗಟ್ಟಲೆ ಕಾಯಬೇಕು. ಹಾಗಾಗಿ ಟಿಕೆಟ್‌ಗಿಂತ ಮೊದಲು ಟೈಮ್‌ಟೇಬಲ್ ನೋಡಿ. ನಿಮ್ಮ ವಿಮಾನದ ಹೊತ್ತಿಗೆ ಕೂಡಿಬಂದರೆ ಹತ್ತಿ. ಇಲ್ಲದಿದ್ದರೆ ವಾಯು ವಜ್ರ ಬಸ್ಸೇ ಗತಿ.