ಎರಡು ಸಾಲು ಅದಲುಬದಲಾದರೆ

ನಾನು ಮೊದಲು ಬರೆದ ಸಿಮ್ಯುಲೇಶನ್‌ನಲ್ಲಿ, ಅಂದರೆ ಚಲನೆಯನ್ನು ಕಂಪ್ಯೂಟರಿನಲ್ಲಿ ಅನುಕರಿಸುವ ಪ್ರೋಗ್ರಾಂನಲ್ಲಿ, ಇದ್ದದ್ದು ಒಂದು ನಕ್ಷತ್ರ, ಅದರ ಸುತ್ತ ಒಂದು ಗ್ರಹ, ಅಷ್ಟೇ. ನ್ಯೂಟನ್ನನ ಗುರುತ್ವದ ಸೂತ್ರವನ್ನು ಸರಿಯಾಗಿಯೇ ಹಾಕಿದ್ದೆ. ಆದರೂ ಗ್ರಹ ಸುತ್ತಿನಿಂದ ಸುತ್ತಿಗೆ ಸ್ವಲ್ಪ ಸ್ವಲ್ಪವೇ ದೂರ ಸರಿಯುತ್ತ, ಸುರುಳಿ ಬಿಚ್ಚಿಕೊಂಡಂತೆ ಹೊರಹೊರಗೆ ಹೋಗುತ್ತ, ಕೊನೆಗೆ ಪರದೆಯಿಂದಲೇ ಮರೆಯಾಯಿತು. ಸೂತ್ರವನ್ನು ಮತ್ತೆ ಮತ್ತೆ ಪರೀಕ್ಷಿಸಿದೆ, ತಪ್ಪು ಸಿಗಲಿಲ್ಲ. ತಪ್ಪು ಅಡಗಿದ್ದದ್ದು ಕೋಡ್‌ನ ಎರಡು ಸಾಲುಗಳ ಹಿಂದುಮುಂದಿನಲ್ಲಿ. ಅದು ಯಾಕೆ ಹಾಗೆ ಎಂದು ತಿಳಿದುಕೊಳ್ಳುವಷ್ಟರಲ್ಲಿ, ಶಾಲೆಯಲ್ಲಿ ಬಾಯಿಪಾಠ ಮಾಡಿದ್ದ ಎಷ್ಟೋ ಭೌತಶಾಸ್ತ್ರ ನನಗೆ ಮೊದಲ ಸಲ ಅರ್ಥವಾಗಿತ್ತು.

ಶಾಲೆಯ ಚಲನೆಯ ಸೂತ್ರ ಒಂದೇ ಏಟಿಗೆ ಉತ್ತರ ಕೊಡುತ್ತದೆ. ಚೆಂಡನ್ನು ಕೈಬಿಟ್ಟು ಒಂದು ಸೆಕೆಂಡಾದರೆ ಅದು 4.9 ಮೀಟರ್ ಬಿದ್ದಿರುತ್ತದೆ. ಆದರೆ ಆ ಸೂತ್ರ ನಡೆಯುವುದು ವೇಗೋತ್ಕರ್ಷ, ಅಂದರೆ ವೇಗ ಬದಲಾಗುವ ದರ, ಬದಲಾಗದೆ ಇರುವವರೆಗೆ ಮಾತ್ರ. ಕಂಪ್ಯೂಟರ್ ಗೇಮ್‌ನಲ್ಲಿ ಆಟಗಾರ ಯಾವ ಗಳಿಗೆಯಲ್ಲಿ ಯಾವ ಗುಂಡಿ ಒತ್ತುತ್ತಾನೋ ಮೊದಲೇ ತಿಳಿಯದು. ಗಾಳಿ ತಡೆಯುತ್ತದೆ, ಗೋಡೆ ಅಡ್ಡ ಬರುತ್ತದೆ, ಗ್ರಹದ ಮೇಲಿನ ಎಳೆತ ಅದು ಇರುವ ಜಾಗಕ್ಕೆ ತಕ್ಕಂತೆ ಬದಲಾಗುತ್ತದೆ. ಹಾಗಾಗಿ ಕಂಪ್ಯೂಟರ್ ಕಾಲವನ್ನೇ ತುಂಡು ತುಂಡು ಮಾಡಿಕೊಳ್ಳುತ್ತದೆ. ಸೆಕೆಂಡಿಗೆ 60 ಚಿತ್ರ ತೋರಿಸುವ ಗೇಮ್‌ನಲ್ಲಿ ಒಂದು ತುಂಡು ಸುಮಾರು 16.7 ಮಿಲಿಸೆಕೆಂಡ್. ನಿಸರ್ಗದಲ್ಲಿ ಚೆಂಡು ಹರಿದು ಬರುತ್ತದೆ, ಕಂಪ್ಯೂಟರಿನಲ್ಲಿ ಅದು ಕುಪ್ಪಳಿಸಿ ಬರುತ್ತದೆ. ಗೇಮ್ ಬರೆಯುವವರು ಕಲಿಯಬೇಕಾದ ಭೌತಶಾಸ್ತ್ರದಲ್ಲಿ ಬಹುಪಾಲು ಈ ಎರಡರ ನಡುವಿನ ಅಂತರದ ಬಗ್ಗೆಯೇ ಇದೆ ಎಂದು ನನಗೆ ಅನಿಸುತ್ತದೆ.

ಪ್ರತಿ ತುಂಡಿನಲ್ಲೂ ಮಾಡುವ ಕೆಲಸ ಹೀಗಿದೆ. ವಸ್ತು ಈಗಿರುವ ಜಾಗದಲ್ಲಿ ಅದರ ಮೇಲೆ ಬೀಳುವ ಎಳೆತವನ್ನು, ಅದರಿಂದ ಹುಟ್ಟುವ ವೇಗೋತ್ಕರ್ಷವನ್ನು ಮೊದಲು ಲೆಕ್ಕ ಹಾಕಿ ಇಟ್ಟುಕೊಳ್ಳಬೇಕು. ಆಮೇಲೆ ಎರಡು ಸಾಲು. ಒಂದರಲ್ಲಿ, ವೇಗವನ್ನು ಕಾಲದ ತುಂಡಿನಿಂದ ಗುಣಿಸಿ ಸ್ಥಾನಕ್ಕೆ ಕೂಡಿಸುವುದು. ಇನ್ನೊಂದರಲ್ಲಿ, ವೇಗೋತ್ಕರ್ಷವನ್ನು ಅದೇ ತುಂಡಿನಿಂದ ಗುಣಿಸಿ ವೇಗಕ್ಕೆ ಕೂಡಿಸುವುದು. ಇದೇ ಕ್ರಮದಲ್ಲಿ ಮಾಡಿದರೆ ಅದು 18ನೇ ಶತಮಾನದ ಗಣಿತಜ್ಞ ಲಿಯೊನಾರ್ಡ್ ಆಯ್ಲರ್ ಹೆಸರಿನ ವಿಧಾನ. ಮೊದಲ ಸಲ ಗೇಮ್ ಬರೆಯುವವರು ಯಾರೂ ಹೇಳಿಕೊಡದೆಯೇ ಹಿಡಿಯುವ ದಾರಿಯೂ ಬಹುಮಟ್ಟಿಗೆ ಇದೇ.

ಈ ದಾರಿಯಲ್ಲಿ ಮೇಲಿನ ಚೆಂಡನ್ನು ಬಿಟ್ಟು ನೋಡೋಣ. 60 ಹೆಜ್ಜೆಗಳ ಕೊನೆಗೆ, ಅಂದರೆ ಒಂದು ಸೆಕೆಂಡಿಗೆ, ಅದು ಬಿದ್ದಿರುವುದು 4.82 ಮೀಟರ್. ನಿಧಾನವಾದ ಯಂತ್ರದಲ್ಲಿ ಸೆಕೆಂಡಿಗೆ 30 ಹೆಜ್ಜೆಗಳಷ್ಟೇ ಸಾಧ್ಯವಾದರೆ 4.74 ಮೀಟರ್. ಒಂದೇ ಗೇಮ್, ಎರಡು ಯಂತ್ರ, ಎರಡು ಬಗೆಯ ಗುರುತ್ವ! ಒಂದು ಯಂತ್ರದಲ್ಲಿ ದಾಟಬಹುದಾದ ಕಂದಕವನ್ನು ಇನ್ನೊಂದರಲ್ಲಿ ದಾಟಲು ಆಗದೆ ಇರುವುದು ಹೀಗೆಯೇ. ಅದಕ್ಕಾಗಿಯೇ ತಿಳಿದವರು ಭೌತಶಾಸ್ತ್ರದ ಹೆಜ್ಜೆಯನ್ನು ಚಿತ್ರದ ವೇಗಕ್ಕೆ ಕಟ್ಟದೆ, ಅದಕ್ಕೆ ತನ್ನದೇ ಆದ ಸ್ಥಿರ ಅಳತೆಯನ್ನು ಕೊಡುತ್ತಾರೆ.

ಚೆಂಡಿನ ಮಟ್ಟಿಗೆ ಇದು ಕೆಲವು ಸೆಂಟಿಮೀಟರ್‌ಗಳ ಮಾತು. ಸ್ಪ್ರಿಂಗ್‌ಗೆ ಕಟ್ಟಿದ ಗುಂಡಿನ ಕಥೆ ಬೇರೆ. ಲೆಕ್ಕ ಸುಲಭವಾಗಲೆಂದು ಗುಂಡಿನ ದ್ರವ್ಯರಾಶಿ 1, ಸ್ಪ್ರಿಂಗ್‌ನ ಬಿಗಿ 1, ಕಾಲದ ತುಂಡು 0.1 ಎಂದು ಇಟ್ಟುಕೊಳ್ಳಿ. ಪ್ರತಿ ಹೆಜ್ಜೆಗೆ ಒಟ್ಟು ಶಕ್ತಿ ಸರಿಯಾಗಿ 1.01 ಪಟ್ಟು ಆಗುತ್ತದೆ. ಶೇಕಡಾ ಒಂದು ಏನು ಮಹಾ ಅನಿಸಬಹುದು. ಆದರೆ ಇದು ಚಕ್ರಬಡ್ಡಿ. ನೂರು ಹೆಜ್ಜೆಯಾಗುವಷ್ಟರಲ್ಲಿ ಶಕ್ತಿ 2.7 ಪಟ್ಟಾಗಿರುತ್ತದೆ. ಎಲ್ಲಿಂದಲೂ ಬಾರದ ಶಕ್ತಿ! ಪೇಪರ್ ಪೆನ್ಸಿಲ್ ಹಿಡಿದು ನಾಲ್ಕೈದು ಹೆಜ್ಜೆ ಮಾಡಿ ನೋಡಿ. ಗುಂಡು ಈಗಿರುವ ಜಾಗ ಬಿಟ್ಟು ಮುಂದೆ ಹೋಗುವಾಗ ಸ್ಪ್ರಿಂಗ್ ಅದನ್ನು ಹೆಚ್ಚು ಬಿಗಿಯಾಗಿ ಹಿಂದಕ್ಕೆಳೆಯಬೇಕು. ನಮ್ಮ ಲೆಕ್ಕ ಮಾತ್ರ ಹಳೆಯ ಜಾಗದ ಎಳೆತವನ್ನೇ ಹಿಡಿದು ಕೂತಿರುತ್ತದೆ. ಬ್ರೇಕ್ ಪ್ರತಿ ಸಲವೂ ಒಂದು ಗಳಿಗೆ ತಡ. ನನ್ನ ಗ್ರಹ ಓಡಿಹೋದದ್ದೂ ಇದೇ ಕಾರಣಕ್ಕೆ.

ಈಗ ಎರಡು ಸಾಲುಗಳನ್ನು ಅದಲುಬದಲು ಮಾಡಿ. ಮೊದಲು ವೇಗ ಬದಲಿಸಿ, ಆ ಹೊಸ ವೇಗದಿಂದ ಸ್ಥಾನ ಬದಲಿಸಿ. ಬೇರೇನನ್ನೂ ಮುಟ್ಟುವುದು ಬೇಡ. ಸ್ಪ್ರಿಂಗ್‌ನ ಶಕ್ತಿ ಆಗಲೂ ತುಸು ಮೇಲೆ ಕೆಳಗೆ ತೂಗಾಡುತ್ತದೆ, ಆದರೆ ಬೆಳೆಯುವುದಿಲ್ಲ. ಸಾವಿರ ಹೆಜ್ಜೆ ಹೋಗಲಿ, ಕೋಟಿ ಹೆಜ್ಜೆ ಹೋಗಲಿ, ಒಂದು ಮಿತಿಯೊಳಗೇ ಉಳಿಯುತ್ತದೆ. ನನ್ನ ಗ್ರಹ ಅಂದು ಮೊದಲ ಬಾರಿಗೆ ನಕ್ಷತ್ರದ ಸುತ್ತ ಬಂದು ಮತ್ತೆ ಅದೇ ದಾರಿಗೆ ಸೇರಿಕೊಂಡಿತು. ಕೋಡ್‌ನಲ್ಲಿ ಒಂದು ಅಕ್ಷರವೂ ಹೆಚ್ಚಾಗಿರಲಿಲ್ಲ.

ಈ ಕ್ರಮಕ್ಕೆ ದೊಡ್ಡ ಇತಿಹಾಸವಿದೆ ಎಂದು ಆಮೇಲೆ ಗೊತ್ತಾಯಿತು. ಗ್ರಹ ಮತ್ತು ಸೂರ್ಯನನ್ನು ಸೇರಿಸುವ ಗೆರೆ ಸಮಾನ ಕಾಲದಲ್ಲಿ ಸಮಾನ ವಿಸ್ತೀರ್ಣವನ್ನು ಗುಡಿಸುತ್ತದೆ ಎಂದು ಖಗೋಳಜ್ಞ ಕೆಪ್ಲರ್ ಹೇಳಿದ್ದನಲ್ಲ, ಅದು ಯಾಕೆ ಹಾಗೆ ಎಂಬುದನ್ನು ನ್ಯೂಟನ್ 1687ರ ತನ್ನ ಪ್ರಿನ್ಸಿಪಿಯಾ ಗ್ರಂಥದಲ್ಲಿ ತೀರ ಮೊದಲಿಗೇ ಸಾಧಿಸುತ್ತಾನೆ. ಅವನು ಕಾಲವನ್ನು ಸಮನಾದ ತುಂಡುಗಳಾಗಿ ಕತ್ತರಿಸುತ್ತಾನೆ. ಗ್ರಹ ಒಂದು ತುಂಡು ಕಾಲ ನೇರ ಗೆರೆಯಲ್ಲಿ ಹೋಗುತ್ತದೆ. ತುಂಡಿನ ಕೊನೆಗೆ ಸೂರ್ಯನ ಕಡೆಗೆ ಒಂದು ತಳ್ಳು ಸಿಗುತ್ತದೆ, ವೇಗ ಬದಲಾಗುತ್ತದೆ, ಆ ಹೊಸ ವೇಗದಲ್ಲಿ ಮುಂದಿನ ನೇರ ಗೆರೆ. ಇದು ನಮ್ಮ ಅದಲುಬದಲಾದ ಎರಡು ಸಾಲೇ! ಹೀಗೆ ಮೂಡುವ ತ್ರಿಕೋನಗಳ ವಿಸ್ತೀರ್ಣವೆಲ್ಲ ಸಮ ಎಂದು ಅವನು ಬರಿಯ ಜ್ಯಾಮಿತಿಯಿಂದ ತೋರಿಸುತ್ತಾನೆ. ತುಂಡು ಎಷ್ಟೇ ದೊಡ್ಡದಿರಲಿ, ಒಂದಿಷ್ಟೂ ವ್ಯತ್ಯಾಸವಿಲ್ಲದೆ ಸಮ. ಮೊದಲಿನ ಕ್ರಮದಲ್ಲಿ ಮಾಡಿದರೆ ಅದೇ ವಿಸ್ತೀರ್ಣ ಹೆಜ್ಜೆ ಹೆಜ್ಜೆಗೂ ಹಿಗ್ಗುತ್ತದೆ. ಕಂಪ್ಯೂಟರ್ ಯಂತ್ರವೇ ಇಲ್ಲದ ಕಾಲದ ಆ ಚಿತ್ರವನ್ನು ಒಮ್ಮೆ ನೀವೇ ಬರೆದು ನೋಡಬೇಕು. ಕೋನೀಯ ಸಂವೇಗ (ಸುತ್ತುವ ಚಲನೆಯ ಪ್ರಮಾಣ) ಬದಲಾಗದೆ ಉಳಿಯುತ್ತದೆ ಎಂದು ಪಠ್ಯಪುಸ್ತಕ ಹೇಳುವುದು ಏನೆಂದು ನನಗೆ ಆ ತ್ರಿಕೋನಗಳಷ್ಟು ಚೆನ್ನಾಗಿ ಬೇರೆ ಯಾವುದೂ ತಿಳಿಸಿಲ್ಲ.

1967ರಲ್ಲಿ ಫ್ರಾನ್ಸಿನ ಭೌತವಿಜ್ಞಾನಿ ಲೂ ವೆರ್ಲೆ 864 ಕಣಗಳ ಚಲನೆಯನ್ನು ಕಂಪ್ಯೂಟರಿನಲ್ಲಿ ಲೆಕ್ಕ ಹಾಕಿ ದ್ರವ ಆರ್ಗಾನ್ ಹೇಗೆ ವರ್ತಿಸುತ್ತದೆ ಎಂದು ನೋಡಿದ. ಅವನು ಬಳಸಿದ ವಿಧಾನ ಈ ಕ್ರಮದ ಹತ್ತಿರದ ಸಂಬಂಧಿ. ಗೇಮ್‌ಗಳಲ್ಲಿ ತೂಗಾಡುವ ಹಗ್ಗ, ಗಾಳಿಗೆ ಹಾರುವ ಬಟ್ಟೆ ಇವೆಲ್ಲ ಇವತ್ತಿಗೂ ಹೆಚ್ಚಾಗಿ ಅದರ ಮೇಲೆಯೇ ನಡೆಯುತ್ತವೆ.

ಇನ್ನು ಗಣಿತದ ಮಾತು. ಎಲ್ಲಿಂದ ಶುರು ಮಾಡಬೇಕು ಎಂದು ಕೇಳುವವರಿಗೆ ನಾನು ಹೇಳುವುದು ವೆಕ್ಟರ್ (ಅಳತೆ, ದಿಕ್ಕು ಎರಡೂ ಇರುವ ಪರಿಮಾಣ), ಅದರಲ್ಲೂ ಎರಡು ವೆಕ್ಟರ್‌ಗಳ ಬಿಂದು ಗುಣಲಬ್ಧ. ಒಬ್ಬ ಕಾವಲುಗಾರ ಪೂರ್ವಕ್ಕೆ ಮುಖ ಮಾಡಿ ನಿಂತಿದ್ದಾನೆ. ಆಟಗಾರ ಅವನಿಂದ ಪೂರ್ವಕ್ಕೆ 3, ಉತ್ತರಕ್ಕೆ 4 ಮೀಟರ್ ದೂರದಲ್ಲಿದ್ದಾನೆ. ಕಾವಲುಗಾರನಿಗೆ ಕಾಣುತ್ತಾನೆಯೇ? ಅವನ ನೋಟದ ದಿಕ್ಕು (1, 0), ಆಟಗಾರನ ಕಡೆಗಿನ ದಿಕ್ಕು (3, 4). ಜೋಡಿ ಜೋಡಿಯಾಗಿ ಗುಣಿಸಿ ಕೂಡಿಸಿದರೆ, ಅಂದರೆ 1×3 + 0×4, ಗುಣಲಬ್ಧ 3, ದೂರ 5, ಭಾಗಿಸಿದರೆ 0.6. ಇದು ಎರಡು ದಿಕ್ಕುಗಳ ನಡುವಿನ ಕೋನದ ಕೊಸೈನ್. ಕಣ್ಣಿನ ಹರವು ಎರಡೂ ಬದಿಗೆ 60 ಡಿಗ್ರಿ ಎಂದಾದರೆ ಅದರ ಕೊಸೈನ್ 0.5. ನಮ್ಮದು ಅದಕ್ಕಿಂತ ಹೆಚ್ಚು, ಹಾಗಾಗಿ ಕಾಣುತ್ತಾನೆ. ಕೋನವನ್ನು ಕಂಡುಹಿಡಿಯುವ ಅಗತ್ಯವೇ ಬೀಳಲಿಲ್ಲ. ಉತ್ತರ ಋಣ ಸಂಖ್ಯೆಯಾಗಿದ್ದರೆ ಆಟಗಾರ ಬೆನ್ನ ಹಿಂದಿದ್ದಾನೆ. ಗೋಡೆಯ ಮೇಲೆ ಬೆಳಕು ಎಷ್ಟು ಬೀಳುತ್ತದೆ, ಚೆಂಡು ಯಾವ ಕಡೆಗೆ ಪುಟಿಯುತ್ತದೆ ಎಂಬುದಕ್ಕೂ ಇದೇ ಗುಣಾಕಾರ ಸಾಕು.

ವರ್ಗಸಮೀಕರಣ ಯಾಕೆ ಕಲಿಯಬೇಕು ಎಂದು ಕೇಳುವ ಮಕ್ಕಳಿಗೆ ಬಂದೂಕಿನ ಗುಂಡಿನ ಉದಾಹರಣೆ ಕೊಡಬಹುದು. ಸೆಕೆಂಡಿಗೆ 900 ಮೀಟರ್ ಹೋಗುವ ಗುಂಡು ಒಂದು ಸೆಕೆಂಡಿನ 60ನೇ ಒಂದು ಭಾಗದಲ್ಲಿ 15 ಮೀಟರ್ ಜಿಗಿಯುತ್ತದೆ. ಈ ಚಿತ್ರದಲ್ಲಿ ಗುರಿಯ ಈಚೆ, ಮುಂದಿನ ಚಿತ್ರದಲ್ಲಿ ಗುರಿಯ ಆಚೆ. ತಾಗಿತೇ ಎಂದು ಎರಡೂ ಸಲ ಕೇಳಿದರೆ ಎರಡೂ ಸಲ ಇಲ್ಲ. ಅದಕ್ಕೆ ಗುಂಡು ಇರುವ ಜಾಗದ ಬದಲು ಅದು ಸಾಗಿದ ಗೆರೆಯನ್ನೇ ಪರೀಕ್ಷಿಸಬೇಕು. ಗುರಿ ಗೋಳಾಕಾರದ್ದಾಗಿದ್ದರೆ ಆ ಪ್ರಶ್ನೆ ಒಂದು ವರ್ಗಸಮೀಕರಣವಾಗುತ್ತದೆ. ಎರಡು ಮೂಲಗಳಿದ್ದರೆ ಮೊದಲನೆಯದು ಗುಂಡು ಗುರಿಯ ಒಳಹೊಕ್ಕ ಗಳಿಗೆ, ಇನ್ನೊಂದು ಹೊರಬಂದ ಗಳಿಗೆ. ಎರಡೂ ಒಂದೇ ಆದರೆ ಗುಂಡು ಸವರಿಕೊಂಡು ಹೋಯಿತು. ವಾಸ್ತವ ಮೂಲಗಳೇ ಇಲ್ಲವೆಂದರೆ ಗುರಿ ತಪ್ಪಿತು.

ಮೂರು ಆಯಾಮದಲ್ಲಿ ತಿರುಗುವಿಕೆಯ ಲೆಕ್ಕಕ್ಕೆ ಬೇಕಾದ, ನಾಲ್ಕು ಭಾಗಗಳುಳ್ಳ ಕ್ವಾಟರ್ನಿಯನ್ ಎಂಬ ಸಂಖ್ಯೆಗಳನ್ನು ಗಣಿತಜ್ಞ ವಿಲಿಯಂ ಹ್ಯಾಮಿಲ್ಟನ್ 1843ರ ಅಕ್ಟೋಬರ್ 16ರಂದು ಡಬ್ಲಿನ್‌ನ ಕಾಲುವೆಯ ಪಕ್ಕ ನಡೆಯುತ್ತಿದ್ದಾಗ ಕಂಡುಕೊಂಡು, ಸೂತ್ರವನ್ನು ಸೇತುವೆಯ ಕಲ್ಲಿನ ಮೇಲೆ ಕೆತ್ತಿದ. ಚೆಲುವಾದ ಗಣಿತ. ಆದರೆ ಮೊದಲ ತಿಂಗಳಲ್ಲೇ ಅದಕ್ಕೆ ಕೈಹಾಕಬೇಕಿಲ್ಲ, ಎರಡು ಆಯಾಮದ ಲೋಕದಲ್ಲೇ ಕಲಿಯುವುದು ಬೇಕಾದಷ್ಟಿದೆ.

ಎರಡು ಸಾಲು ಸರಿಪಡಿಸಿದ ಮೇಲೆ ನನ್ನ ಗ್ರಹವನ್ನು ಒಂದು ರಾತ್ರಿಯಿಡೀ ಓಡಲು ಬಿಟ್ಟೆ. ಬೆಳಗ್ಗೆ ಅದು ಇನ್ನೂ ಸುತ್ತುತ್ತಲೇ ಇತ್ತು, ಕಕ್ಷೆಯ ಗಾತ್ರವೂ ಹಾಗೆಯೇ ಇತ್ತು. ಆದರೆ ಆ ದೀರ್ಘವೃತ್ತವೇ ಇಡಿಯಾಗಿ ಒಂದಷ್ಟು ತಿರುಗಿಬಿಟ್ಟಿತ್ತು. ನಿಜವಾದ ಬುಧ ಗ್ರಹದ ಕಕ್ಷೆಯೂ ಹೀಗೆ ತಿರುಗುತ್ತದೆ. ಉಳಿದ ಗ್ರಹಗಳ ಎಳೆತವನ್ನೆಲ್ಲ ಕಳೆದರೂ ನೂರು ವರ್ಷಕ್ಕೆ ಸುಮಾರು 43 ಆರ್ಕ್‌ಸೆಕೆಂಡ್ (ಒಂದು ಆರ್ಕ್‌ಸೆಕೆಂಡ್ ಎಂದರೆ ಡಿಗ್ರಿಯ 3600ನೇ ಒಂದು ಭಾಗ) ಲೆಕ್ಕಕ್ಕೆ ಸಿಗದೆ ಉಳಿದಿತ್ತು. ಅದನ್ನು ವಿವರಿಸಲು 1915ರಲ್ಲಿ ಐನ್‌ಸ್ಟೈನ್‌ನ ಸಾಪೇಕ್ಷತಾ ಸಿದ್ಧಾಂತವೇ ಬರಬೇಕಾಯಿತು. ನಾನು ಬರೆದ ಕೋಡ್‌ನಲ್ಲಿ ಇದ್ದದ್ದು ಬರಿಯ ನ್ಯೂಟನ್, ಇದ್ದದ್ದು ಒಂದೇ ಗ್ರಹ, ಅದು ತಿರುಗಬಾರದಿತ್ತು. ಕಾಲದ ತುಂಡನ್ನು ಅರ್ಧ ಮಾಡಿ ಮತ್ತೆ ಓಡಿಸಿದೆ. ತಿರುಗುವಿಕೆ ಹೆಚ್ಚುಕಡಿಮೆ ಕಾಲು ಭಾಗಕ್ಕೆ ಇಳಿಯಿತು. ಇನ್ನೊಮ್ಮೆ ಅರ್ಧ ಮಾಡಿದೆ, ಮತ್ತೆ ಕಾಲು ಭಾಗ.